ಕಾಕಾನ ಪೋರ್ಷೆ 944 ಮಾರಿದ್ದು: ಗಾಡಿ ತಯಾರಿತ್ತು, ಕಾಗದ ತಯಾರಿರಲಿಲ್ಲ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಕಾಕಾ ಮೂವತ್ತು ವರ್ಷಕ್ಕೂ ಜಾಸ್ತಿ ಜೋಪಾನ ಮಾಡಿದ್ದ 1988ರ ಪೋರ್ಷೆ 944 ಕಾರು ಅಂತೂ ಮಾರಾಟವಾಗಿ ಕೊಲ್ಹಾಪುರ ಸೇರಿದೆ. ಇಂಥ ಕಾರು ನಮ್ಮ ಕಡೆ ಎಷ್ಟು ಜನರ ಹತ್ತಿರ ಇದ್ದೀತು ಅಂತ ನೀವು ಕೇಳಬಹುದು. ಪೋರ್ಷೆ ಇರಲಿಕ್ಕಿಲ್ಲ. ಆದರೆ ತೀರಿಕೊಂಡ ಹಿರಿಯರ ಹೆಸರಲ್ಲೇ ಉಳಿದಿರುವ ಹಳೇ ಗಾಡಿ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಶೆಡ್ಡಿನಲ್ಲಿ ನಿಂತಿದೆ. ಯಾರದೋ ಬೆಂಜ್, ಯಾರದೋ ಬೀಟಲ್. ಮಾರಬೇಕು ಅಂತ ಹೊರಟರೆ ದಾರಿ ಹೇಳುವವರು ಸಿಗುವುದಿಲ್ಲ. ಸಿಕ್ಕವರು ತಲೆಗೊಂದು ಮಾತು ಹೇಳುತ್ತಾರೆ. ಅದಕ್ಕೇ ನಮಗೆ ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. ಕಾಕಾ ಹುಬ್ಬಳ್ಳಿಯ ಕೆಎಂಸಿಯಲ್ಲಿ ಓದಿ ಇಂಗ್ಲೆಂಡಿಗೆ ಹೋಗಿದ್ದ ಡಾಕ್ಟರ್. ಊರಿಗೆ ವಾಪಸ್ ಬರುವಾಗ ಅಲ್ಲಿ ಓಡಿಸುತ್ತಿದ್ದ ಕಾರನ್ನೂ ಹಡಗಿಗೆ ಹಾಕಿದರು. ಮುಂಬೈ ಬಂದರಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡು, 1991ರಲ್ಲಿ ಕೆಎ-25 ನಂಬರ್ ಹಾಕಿಸಿದರು. ಇಂಗ್ಲೆಂಡಿನ ಗಾಡಿ ಆದ್ದರಿಂದ ಸ್ಟೀರಿಂಗ್ ಬಲಗಡೆಯೇ ಇತ್ತು. ಆ ತಕರಾರು ಬರಲಿಲ್ಲ.

944 ಅನ್ನು ಪೋರ್ಷೆ 1982ರಿಂದ 1991ರ ತನಕ ಮಾಡಿತು. ಪೋರ್ಷೆ ಅಂದರೆ ಇಂಜಿನ್ ಹಿಂದೆ ಇರಬೇಕು ಅಂತ ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ, ನೋಡಲು ಬಂದ ಅರ್ಧ ಜನ ಡಿಕ್ಕಿ ತೆಗೆದು ಇಂಜಿನ್ ಹುಡುಕಿದರು. ಅದು ಪೋರ್ಷೆಯದೇ ಇನ್ನೊಂದು ಮಾಡೆಲ್ 911ರ ಕಥೆ. 944ರಲ್ಲಿ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಮುಂದೆ ಇರುತ್ತದೆ, ಗೇರ್‌ಬಾಕ್ಸ್ ಮಾತ್ರ ಹಿಂದಿನ ಆಕ್ಸಲ್ ಹತ್ತಿರ. ಎರಡರ ನಡುವೆ ಒಂದು ಉದ್ದ ಕೊಳವೆ, ಅದರೊಳಗೆ ತಿರುಗುವ ಶಾಫ್ಟ್. ಹಿಂದೆ ಮುಂದೆ ಭಾರ ಸುಮಾರು ಸಮ ಇರುವುದರಿಂದ ತಿರುವಿನಲ್ಲಿ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ. ಇನ್ನೊಂದು ಮಾತು, ಪೋರ್ಷೆ ಕಂಪನಿ ಸ್ಟುಟ್‌ಗಾರ್ಟಿನದಾದರೂ 944ಗಳು ಬಹುಪಾಲು ತಯಾರಾದದ್ದು ನೆಕರ್ಸುಲ್ಮ್ ಊರಿನ ಆಡಿ ಕಾರ್ಖಾನೆಯಲ್ಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಈ ಊರು ಮುಂದೆ ನಮ್ಮ ಕೆಲಸಕ್ಕೆ ಬಂತು.

ಕಾಕಾ ಭಾನುವಾರ ಬೆಳಗ್ಗೆ ರಸ್ತೆ ಖಾಲಿ ಇರುವಾಗ ಕೆಲಗೇರಿ ಕೆರೆ ಕಡೆ ಒಂದು ಸುತ್ತು ಹೊಡೆದು ಬರುತ್ತಿದ್ದರು. ಮಳೆಗಾಲದಲ್ಲಿ ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ. ಪ್ರತಿ ಖರ್ಚಿಗೂ ಡೈರಿಯಲ್ಲಿ ಒಂದು ಸಾಲು. ಯಾವ ದಿನ ಆಯಿಲ್ ಬದಲಿಸಿದ್ದು, ಯಾವ ಮಿಸ್ತ್ರಿ, ಜರ್ಮನಿಯಿಂದ ಯಾವ ಸಾಮಾನು ತರಿಸಿದ್ದು, ಕೊರಿಯರ್‌ಗೆ ಎಷ್ಟು, ಕಸ್ಟಮ್ಸಿಗೆ ಎಷ್ಟು. ಹೊಸ ಬೇರಿಂಗ್ ಬಂದ ಪೆಟ್ಟಿಗೆಯ ಚೀಟಿಯನ್ನೂ ಗೋಂದು ಹಚ್ಚಿ ಅಂಟಿಸಿದ್ದರು. ಕಾಕು ಒಮ್ಮೊಮ್ಮೆ ನಗುತ್ತಿದ್ದರು, "ನನ್ನ ಬಿಪಿ ಗುಳಿಗಿ ಲೆಕ್ಕ ಹಿಂಗ ಇಟ್ಟಿದ್ರ ಚೊಲೊ ಇತ್ತು" ಅಂತ.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಕರ್ಮಾಂತರ ಎಲ್ಲ ಮುಗಿದ ಮೇಲೆ ಕಾಕು ಒಂದು ದಿನ ನನ್ನ ಕರೆದು ಹೇಳಿದರು, "ತಮ್ಮಾ, ಗಾಡಿ ನಿಂತು ಹಾಳಾಗೂದು ನನಗ ನೋಡ್ಲಿಕ್ಕೆ ಆಗೂದಿಲ್ಲ. ಮಾರಿಬಿಡು. ಆದ್ರ ಚೊಲೊ ಮಂದಿ ಕೈಗೆ ಹೋಗ್ಲಿ." ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಮಗಳು, ಅಂದರೆ ನಮ್ಮ ಅಕ್ಕ, ಇಂಗ್ಲೆಂಡಿನಲ್ಲೇ ಇದ್ದಾಳೆ. ಹಾಗಾಗಿ ಹುಬ್ಬಳ್ಳಿಯ ನಮ್ಮ ಮನೆಗೂ ಮಾಳಮಡ್ಡಿಗೂ ನನ್ನ ಓಡಾಟ ಶುರುವಾಯಿತು.

ಮೊದಲ ಅಡ್ಡಿ ಏನೆಂದರೆ ತೀರಿಕೊಂಡವರ ಹೆಸರಿನಿಂದ ಗಾಡಿಯನ್ನು ನೇರವಾಗಿ ಮಾರಲು ಬರುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಅವರು ಮಾರಬೇಕು. ಇದಕ್ಕೆ ಫಾರ್ಮ್ 31. ಸಾವಾದ 30 ದಿನದೊಳಗೆ ಆರ್‌ಟಿಒಗೆ ವಿಷಯ ತಿಳಿಸಬೇಕು, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು ಎಂಬುದು ನಿಯಮ. ಎಷ್ಟೋ ಜನ ಕಾಕಾನ ಸಹಿ ಇರುವ ಹಳೇ ಕಾಗದ ಹುಡುಕು, ಮಾರಾಟದ ಫಾರ್ಮ್ 29, 30ಕ್ಕೆ ಹಿಂದಿನ ತಾರೀಖು ಹಾಕು ಅಂದರು. ದಯವಿಟ್ಟು ಈ ಮಾತು ಕೇಳಬೇಡಿ. ಮರಣ ಪ್ರಮಾಣ ಪತ್ರದಲ್ಲಿ ತಾರೀಖು ಇರುತ್ತದೆ. ಮುಂದೆ ಯಾರಾದರೂ ಕೆದಕಿದರೆ ಕೊಂಡವರೂ ಸಿಕ್ಕಿಬೀಳುತ್ತಾರೆ, ಕೊಟ್ಟವರೂ ಸಿಕ್ಕಿಬೀಳುತ್ತಾರೆ.

ಬೇಕಾದ ಕಾಗದಗಳು: ಮರಣ ಪ್ರಮಾಣ ಪತ್ರ, ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಚೀಟಿ, ಕಾಕುವಿನ ಆಧಾರ್ ಮತ್ತು ಪ್ಯಾನ್, ವಾರಸುದಾರರು ಯಾರ್ಯಾರು ಎಂಬುದಕ್ಕೆ ನಾಡಕಚೇರಿಯ ಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಬರೆಯಲು ಒಂದೇ ಸಾಲು, ಮಾಡಲು ದಸರೆಯಿಂದ ದೀಪಾವಳಿ ದಾಟಿತು.

ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತಾಧಿಕಾರಿ ಬಂದು ಅಕ್ಕಪಕ್ಕದವರ ಮುಂದೆ ಪಂಚನಾಮೆ ಮಾಡುತ್ತಾರೆ. ನೆರೆಯವರು ಊರಲ್ಲಿರುವ ದಿನ ನೋಡಿ ಕರೆಯಿರಿ. ನಮ್ಮ ಪಕ್ಕದ ಮನೆಯವರು ಮಗಳ ಮನೆಗೆ ಪುಣೆಗೆ ಹೋಗಿದ್ದರು, ಎದುರು ಮನೆಯವರು ಹೊಸಬರು. ಕೊನೆಗೆ ಓಣಿಯ ತುದಿಯ ನಿವೃತ್ತ ಮಾಸ್ತರು ಬಂದು ಸಹಿ ಹಾಕಿದರು. ಅಕ್ಕನ ಒಪ್ಪಿಗೆ ಪತ್ರ ಇನ್ನೊಂದು ಕಥೆ. ವಾಟ್ಸ್‌ಆ್ಯಪಿನಲ್ಲಿ ಸಹಿ ಮಾಡಿ ಕಳಿಸಿದ ಫೋಟೋ ನಡೆಯುವುದಿಲ್ಲ. ಅವಳು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು, ಅಧಿಕಾರಿಯ ಎದುರು ಸಹಿ ಮಾಡಿ, ಮೂಲ ಪ್ರತಿಯನ್ನೇ ಕೊರಿಯರ್ ಮಾಡಬೇಕಾಯಿತು. ನಿಮ್ಮ ಮನೆಯವರೂ ಹೊರದೇಶದಲ್ಲಿದ್ದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಚ್ಚಿ. ಉಳಿದದ್ದೆಲ್ಲ ಇದು ಬರುವ ತನಕ ಕಾಯುತ್ತಾ ಕೂರುತ್ತದೆ.

ಇನ್ನೊಂದು ಮುಖ್ಯ ಮಾತು. ಕಾಕಾನ ಸಿಮ್ ಬಂದ್ ಮಾಡಬೇಡಿ ಅಂತ ನಾನು ಮೊದಲ ವಾರವೇ ಕಾಕುಗೆ ಹೇಳಿದ್ದೆ. ಬ್ಯಾಂಕಿಗೆ ಬೇಕಾದೀತು ಅಂತ ಹೇಳಿದ್ದು, ಕೆಲಸಕ್ಕೆ ಬಂದದ್ದು ಗಾಡಿಗೆ. ಗಾಡಿಗಳ ಸರ್ಕಾರಿ ದಾಖಲೆ ಇರುವ ವಾಹನ್ ಪೋರ್ಟಲಿನಲ್ಲಿ ಗಾಡಿಗೆ ಜೋಡಿಸಿರುವ ಮೊಬೈಲ್ ನಂಬರಿಗೇ ಒಟಿಪಿ ಬರುತ್ತದೆ. ಸಿಮ್ ಹೋಗಿದ್ದರೆ ಮೊದಲು ನಂಬರ್ ಬದಲಿಸುವುದಕ್ಕೇ ಬೇರೆ ಅರ್ಜಿ, ಬೇರೆ ಓಡಾಟ. ಸಣ್ಣ ರೀಚಾರ್ಜಿನಲ್ಲಿ ಮುಗಿಯುವ ವಿಷಯ.

ವಿಮೆಯನ್ನೂ ಮರೆಯಬೇಡಿ. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಕಂಪನಿಯ ಕಂಪ್ಯೂಟರಿನಲ್ಲಿ ಪೋರ್ಷೆ ಅಂತ ಒತ್ತಿದರೆ ಈಗಿನ ಗಾಡಿಗಳೇ ಬರುತ್ತಿದ್ದವು, 944 ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿದ್ದ ಹುಡುಗ ಪಾಪ, "ಸರ, ಕಯೆನ್ ಅಂತ ಹಾಕ್ಲ್ಯಾ?" ಅಂದ. ಬೇಡಪ್ಪಾ ಅಂದೆ. ಮಾಡೆಲ್ ಹೆಸರು ತಪ್ಪಿದ್ದರೆ ಕ್ಲೇಮ್ ದಿನ ಆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಕೈಯಿಂದ ಮಾಡೆಲ್ ಸೇರಿಸಲು ಮೇಲಿನ ಕಚೇರಿಗೆ ಮೇಲ್ ಹೋಗಿ ಬರುವ ತನಕ ಕಾದೆವು.

ಎಲ್ಲ ಜೋಡಿಸಿಕೊಂಡು ಆರ್‌ಟಿಒಗೆ ಹೋದರೆ ಅಲ್ಲಿ ನಿಜವಾದ ಗಂಟು ಬಿತ್ತು. ಚಾಸಿ ನಂಬರ್, ಅಂದರೆ ಗಾಡಿಯ ಮೈಮೇಲೆ ಕೆತ್ತಿರುವ ಗುರುತಿನ ನಂಬರ್.

ಪೋರ್ಷೆಯ ಚಾಸಿ ನಂಬರ್ ಇಂಗ್ಲಿಷಿನ ಡಬ್ಲ್ಯೂ, ಪಿ, ಆಮೇಲೆ ಸೊನ್ನೆ ಅಂತ ಶುರುವಾಗುತ್ತದೆ. ಅದಾದ ಮೇಲೆ ಮೂರು ಝಡ್. ನಮ್ಮ ಗಾಡಿಯ ಕಂಪ್ಯೂಟರ್ ದಾಖಲೆಯಲ್ಲಿ ಸೊನ್ನೆ ಇರಬೇಕಾದ ಕಡೆ ಓ ಅಕ್ಷರ ಇತ್ತು, ಮೂರು ಝಡ್ ಹೋಗಿ 222 ಆಗಿತ್ತು. ಹಳೇ ಪುಸ್ತಕ ನೋಡಿ ಕಂಪ್ಯೂಟರಿಗೆ ಏರಿಸುವಾಗ ಯಾರದೋ ಕಣ್ಣಿಗೆ ಹಾಗೆ ಕಂಡಿದೆ. ಇಷ್ಟು ವರ್ಷ ಯಾರೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿರಲಿಲ್ಲ. ಈಗ ಪೆನ್ಸಿಲ್ ಪ್ರಿಂಟ್ ಹಿಡಿದು ನೋಡಿದರೆ ಗಾಡಿಯೇ ಬೇರೆ, ದಾಖಲೆಯೇ ಬೇರೆ!

ಪೆನ್ಸಿಲ್ ಪ್ರಿಂಟ್ ಗೊತ್ತಲ್ವಾ? ಚಾಸಿ ನಂಬರ್ ಕೆತ್ತಿದ ಜಾಗವನ್ನು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು, ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಕ್ಷರ ಬಿಳಿಯಾಗಿ ಮೂಡುತ್ತವೆ. ಮೇಲೆ ಟೇಪ್ ಅಂಟಿಸಿ ಅರ್ಜಿಗೆ ಹಚ್ಚುತ್ತಾರೆ. ನಮ್ಮ ಪ್ರಿಂಟಿನಲ್ಲಿ ಝಡ್ ಗೆರೆಗಳು ನೇರವಾಗಿ, ಚೂಪಾಗಿ ಬಂದಿದ್ದವು. ಎರಡು ಅಂತ ಓದುವ ಸಾಧ್ಯತೆಯೇ ಇರಲಿಲ್ಲ. ಆದರೂ ನಮ್ಮ ಕಣ್ಣು ಸಾಕ್ಷಿ ಆಗುವುದಿಲ್ಲವಲ್ಲ, ದಾಖಲೆ ಬೇಕು.

ಇಲ್ಲಿ ಮೂರು ಕಾಗದ ನಮ್ಮನ್ನು ಪಾರು ಮಾಡಿದವು. ಒಂದು, ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಅಂದರೆ ಗಾಡಿ ಆಮದಾದ ದಾಖಲೆ. 1991ರ ಟೈಪ್‌ರೈಟರ್ ಅಕ್ಷರ, ಮಡಿಕೆಯಲ್ಲಿ ಹರಿಯುತ್ತಾ ಬಂದಿತ್ತು, ಆದರೆ ನಂಬರ್ ಸರಿಯಾಗಿತ್ತು. ಎರಡು, ಇಂಗ್ಲೆಂಡಿನ ಹಳೇ ನೋಂದಣಿ ಪತ್ರದ ಪ್ರತಿ. ಮೂರು, ಆರ್‌ಟಿಒ ಕಚೇರಿಯದೇ ಬಿ ಎಕ್ಸ್‌ಟ್ರಾಕ್ಟ್. ಕೈಬರಹದ ಹಳೇ ರಿಜಿಸ್ಟರಿನಲ್ಲಿ ಗಾಡಿಯ ಜಾತಕ ಇರುತ್ತದೆ, ಅದರ ನಕಲಿಗೆ ಅರ್ಜಿ ಹಾಕಬಹುದು. ಅದರಲ್ಲೂ ಸರಿಯಾಗಿತ್ತು. ಕೆಡುಕಾದದ್ದು ಕಂಪ್ಯೂಟರಿಗೆ ಏರಿಸಿದಾಗ ಮಾತ್ರ ಅಂತ ಸಾಬೀತಾಯಿತು.

ಇದರ ಜೊತೆ ನಾನೊಂದು ಪುಟ ಬರೆದು ಲಗತ್ತಿಸಿದೆ. ಚಾಸಿ ನಂಬರುಗಳಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಜಗತ್ತಿನಲ್ಲೇ ಬಳಸುವುದಿಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದು ಅಂತಲೇ ಈ ನಿಯಮ. ಆದ್ದರಿಂದ ಓ ಇರಲು ಸಾಧ್ಯವೇ ಇಲ್ಲ. ಹತ್ತನೇ ಅಕ್ಷರ ಜೆ ಅಂದರೆ 1988ರ ಮಾಡೆಲ್, ಹನ್ನೊಂದನೇ ಅಕ್ಷರ ಎನ್ ಅಂದರೆ ನೆಕರ್ಸುಲ್ಮ್. ಪರಿಶೀಲನೆ ಮಾಡಿದ ಅಧಿಕಾರಿ ಇದನ್ನು ಓದಿ, "ಇದನ್ನ ಒಂದ್ ಕಾಪಿ ನನಗೂ ಕೊಡ್ರಿ" ಅಂತ ಇಟ್ಟುಕೊಂಡರು. ತಿದ್ದುಪಡಿಗೆ ಮೇಲಿನವರ ಲಾಗಿನ್ನಿನಿಂದ ಒಪ್ಪಿಗೆ ಬರಬೇಕು. ಅದು ಬರುವ ತನಕ ಕಚೇರಿ ಹೊರಗಿನ ಗಾಡಿಯ ಗಿರಮಿಟ್ಟು, ಮಿರ್ಚಿ, ಚಹಾದ ಮೇಲೆ ದಿನ ಹೋದವು. ಸಂಕ್ರಾಂತಿ ಹೊತ್ತಿಗೆ ಸರಿಯಾದ ನಂಬರಿನ ಜೊತೆ ಕಾಕುವಿನ ಹೆಸರಿಗೆ ಆರ್‌ಸಿ ಬಂತು.

ನಿಮ್ಮ ಮನೆಯ ಗಾಡಿಯ ನಂಬರನ್ನು ಇವತ್ತೇ ವಾಹನ್ ದಾಖಲೆ ಜೊತೆ ತಾಳೆ ನೋಡಿ. ಮಾಲೀಕರು ಬದುಕಿರುವಾಗ ಈ ತಿದ್ದುಪಡಿ ಒಂದು ಅರ್ಜಿಯ ಕೆಲಸ. ಇಲ್ಲದಾಗ ಪ್ರತಿ ಕಾಗದದ ಮೇಲೂ ಪ್ರಶ್ನೆ ಏಳುತ್ತದೆ.

ಇಷ್ಟಾಯಿತು, ಇನ್ನು ಜಾಹೀರಾತು ಹಾಕುವುದೇ ಅಂದುಕೊಂಡರೆ ನೋಂದಣಿ ಅವಧಿ ಮುಗಿಯುತ್ತಾ ಬಂದಿತ್ತು. ಖಾಸಗಿ ಕಾರಿಗೆ ಮೊದಲ ಸಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಫಾರ್ಮ್ 25 ಕೊಟ್ಟು ನವೀಕರಣ. ನಮ್ಮದು 1991ರಲ್ಲಿ ನೋಂದಣಿಯಾದ ಗಾಡಿ, 2006, 2011, 2016, 2021ರಲ್ಲಿ ಕಾಕಾ ತಪ್ಪದೇ ಮಾಡಿಸಿದ್ದರು. ಈಗ 2026. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು.

ಶುಲ್ಕ ಎಷ್ಟು ಅಂತ ಪೋರ್ಟಲಿನಲ್ಲಿ ನೋಡಿದೆ. 80,000 ರೂಪಾಯಿ.

ಸೊನ್ನೆ ಒಂದು ಜಾಸ್ತಿ ಬಿದ್ದಿದೆಯೇನೋ ಅಂತ ಮತ್ತೆ ನೋಡಿದೆ. ಇಲ್ಲ, ಸರಿಯಾಗಿಯೇ ಇತ್ತು. ಕಾಕಾನ ಡೈರಿಯಲ್ಲಿ 2021ರ ನವೀಕರಣಕ್ಕೆ ಬರೆದಿದ್ದು 5,000. ಏಪ್ರಿಲ್ 2022ರಿಂದ ಕೇಂದ್ರ ಸರ್ಕಾರ 15 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕ ಏರಿಸಿತು. ನಮ್ಮ ದೇಶದ ಕಾರಿಗೆ 5,000, ಹೊರದೇಶದಿಂದ ತಂದ ಕಾರಿಗೆ 40,000. ಆಗಸ್ಟ್ 2025ರಲ್ಲಿ 20 ವರ್ಷ ದಾಟಿದವಕ್ಕೆ ಅದನ್ನೂ ದುಪ್ಪಟ್ಟು ಮಾಡಿದರು. ಇಲ್ಲಿನ ಕಾರಿಗೆ 10,000, ಆಮದಾದ ಕಾರಿಗೆ 80,000. ಅಂದರೆ ಕಾಕಾ ಹೋದ ಆಸುಪಾಸಿನಲ್ಲೇ ಈ ನಿಯಮ ಬಂದಿದೆ, ದುಃಖದ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಹಳೇ ಗಾಡಿ ರಸ್ತೆಯಿಂದ ಹೋಗಲಿ ಅನ್ನುವುದು ಸರ್ಕಾರದ ಉದ್ದೇಶ. ದಿನಾ ಹೊಗೆ ಬಿಡುತ್ತಾ ಓಡುವ ಗಾಡಿಗೆ ಅದು ಸರಿಯೇ. ವಾರಕ್ಕೊಮ್ಮೆ ಕೆಲಗೇರಿಗೆ ಹೋಗಿ ಬರುವ ಗಾಡಿಗೂ ಅದೇ ತಕ್ಕಡಿ ಹಿಡಿದರೆ ಹೇಗೆ ಅಂತ ನನ್ನ ತಕರಾರು. ಆದರೆ ತಕರಾರು ಇಟ್ಟುಕೊಂಡೇ ದುಡ್ಡು ಕಟ್ಟಬೇಕು. ಗಡುವು ದಾಟಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ.

ಈ ಹಂತದಲ್ಲಿ ಸಲಹೆ ಕೊಡುವವರು ಜಾಸ್ತಿಯಾದರು. ಒಬ್ಬ ಏಜೆಂಟ್, "ವಿಂಟೇಜ್ ಮಾಡಸ್ರಿ ಸರ, ಖರ್ಚ ಕಡಿಮಿ" ಅಂದ. ವಿಂಟೇಜ್ ನೋಂದಣಿ ನಿಯಮ 2021ರಲ್ಲಿ ಬಂದಿದೆ ನಿಜ, ಆದರೆ ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ನಮ್ಮದು 2038ಕ್ಕೆ ತುಂಬುತ್ತದೆ. ತುಂಬಿದ ಮೇಲೂ ಅದನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದಕ್ಕೆ ಬಿಟ್ಟು ದಿನದ ಓಡಾಟಕ್ಕೆ ತೆಗೆಯುವ ಹಾಗಿಲ್ಲ. ಇನ್ನೊಬ್ಬರು, "15 ವರ್ಷ ಆದ ಗಾಡಿ ಗುಜರಿಗೆ ಹಾಕಲೇಬೇಕಂತಲ್ಲ?" ಅಂದರು. ಅದು ದಿಲ್ಲಿ ಸುತ್ತಮುತ್ತಲಿನ ಮಾತು. ನಮ್ಮಲ್ಲಿ ಗಾಡಿ ತಪಾಸಣೆಯಲ್ಲಿ ಪಾಸಾದರೆ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಓಡಿಸಬಹುದು.

ನವೀಕರಣ ಮಾಡದೇ ಹಾಗೇ ಮಾರಿದರೆ ಹೇಗೆ ಅಂತಲೂ ಯೋಚಿಸಿದೆವು. ಕಾಕು ಒಪ್ಪಲಿಲ್ಲ. ಲೆಕ್ಕ ನೋಡಿದರೂ ಅವರದೇ ಸರಿ. ನೋಂದಣಿ ಮುಗಿದ ಆಮದು ಗಾಡಿ ಅಂದ ಕೂಡಲೇ ಕೊಳ್ಳುವವರು 80,000 ಅಲ್ಲ, ಲಕ್ಷಗಟ್ಟಲೆ ಇಳಿಸಿ ಕೇಳುತ್ತಾರೆ.

ತಪಾಸಣೆಗೆ ಮುಂಚೆ ಗೋಕುಲ ರಸ್ತೆಯ ಹಳೇ ಮಿಸ್ತ್ರಿ ಮನೆಗೇ ಬಂದು ಗಾಡಿ ನೋಡಿದರು. ಕಾಕಾನ ಕಾಲದಿಂದ ಗಾಡಿ ಮುಟ್ಟುತ್ತಿದ್ದವರು. ಬ್ಯಾಟರಿ ಸತ್ತಿತ್ತು, ಅದು ನಿರೀಕ್ಷಿಸಿದ್ದೇ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡಿ ಎಲ್ಲ ಬದಲಿಸಿ ಅಂದರು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಎಂಬತ್ತರ ದಶಕದ ರಬ್ಬರಿಗೆ ಅದು ಹಿಡಿಸುವುದಿಲ್ಲ. ಮೆತ್ತಗಾಗಿ ಬಿರುಕು ಬಿಡುತ್ತದೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಹಳೇ ಗಾಡಿ ಇರುವವರು ಇದೊಂದನ್ನು ಮುಂದೂಡಬೇಡಿ. ಟೈರ್ ನೋಡಲು ಚೆನ್ನಾಗಿದ್ದವು, ಆದರೆ ಪಕ್ಕದ ನಾಲ್ಕು ಅಂಕಿ ಓದಿದರೆ 2014ರ ಮಾಲು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಅಳತೆ 195/65 ಆರ್15 ಆದ್ದರಿಂದ ಹುಬ್ಬಳ್ಳಿಯಲ್ಲೇ ಸಿಕ್ಕವು. ಪೋರ್ಷೆ ಟೈರ್ ಅಂತ ಕೇಳಿದ್ದರೆ ಬೆಲೆಯೇ ಬೇರೆ ಆಗುತ್ತಿತ್ತು. ಹಾಗಾಗಿ ಅಂಗಡಿಯಲ್ಲಿ ಅಳತೆ ಮಾತ್ರ ಹೇಳಿದೆವು.

ತಪಾಸಣೆ ದಿನ ಮಜಾ ಇತ್ತು. ಟೆಂಪೋ, ಸ್ಕೂಲ್ ಬಸ್ಸು, ಟಾಟಾ ಏಸ್‌ಗಳ ಸಾಲಿನಲ್ಲಿ ಕೆಂಪು ಪೋರ್ಷೆ. ಇನ್‌ಸ್ಪೆಕ್ಟರ್ ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್ ಎಲ್ಲ ನೋಡಿ ಮುಂದೆ ಬಂದು ನಿಂತರು. "ಲೈಟ್ ಎಲ್ಲಿ ಅದಾವ್ರಿ ಇದಕ್ಕ?" ನಾನು ಸ್ವಿಚ್ ಹಾಕಿದೆ. ಬಾನೆಟ್ಟಿನ ಎರಡೂ ಮೂಲೆಯಿಂದ ಲೈಟುಗಳು ಒಟ್ಟಿಗೇ ಮೇಲೆದ್ದು ಕಪ್ಪೆ ಕಣ್ಣು ಬಿಟ್ಟ ಹಾಗೆ ನಿಂತವು. ಸುತ್ತಲಿದ್ದ ಡ್ರೈವರುಗಳೆಲ್ಲ ಓ ಅಂದರು. ಇನ್‌ಸ್ಪೆಕ್ಟರ್ ನಗು ತಡೆದುಕೊಂಡು, "ಇನ್ನೊಮ್ಮೆ ಮಾಡ್ರಿ" ಅಂದರು. ತಪಾಸಣೆಗೋ ಮಜಾಕ್ಕೋ ಗೊತ್ತಿಲ್ಲ. ಇಂಜಿನ್ ನಂಬರ್ ಮಾತ್ರ ಕೈ ಹೋಗದ ಜಾಗದಲ್ಲಿತ್ತು. ಮಿಸ್ತ್ರಿ ಮೊದಲೇ ಎಚ್ಚರಿಸಿದ್ದರಿಂದ ಸಣ್ಣ ಕನ್ನಡಿ, ಟಾರ್ಚ್ ಒಯ್ದಿದ್ದೆವು.

ನವೀಕರಣ ಆದ ಮೇಲೆ ಜಾಹೀರಾತು ಹಾಕಿದೆ. ಫೋಟೋದಲ್ಲಿ ನಂಬರ್ ಪ್ಲೇಟ್ ಮುಚ್ಚಿದ್ದೆ, ಮನೆ ವಿಳಾಸ ಹಾಕಿರಲಿಲ್ಲ. ಮೊದಲ ವಾರದ ಕರೆಗಳು ಹೀಗಿದ್ದವು: ಮೈಲೇಜ್ ಎಷ್ಟು ಕೊಡುತ್ತದೆ? ಮದುವೆ ಮೆರವಣಿಗೆಗೆ ಬಾಡಿಗೆಗೆ ಸಿಗುತ್ತದಾ? ರೀಲ್ಸ್ ಮಾಡಲು ಅರ್ಧ ಗಂಟೆ ಕೊಡುತ್ತೀರಾ? ಸೈನ್ಯದಲ್ಲಿದ್ದೇನೆ, ಗಾಡಿ ನೋಡುವುದೇ ಬೇಡ, ಈಗಲೇ ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ ಒಬ್ಬ. ಇದು ಹಳೇ ಮೋಸ. ದುಡ್ಡು ತಗೊಳ್ಳಲು ಸ್ಕ್ಯಾನ್ ಮಾಡುವುದು, ಪಿನ್ ಒತ್ತುವುದು ಬೇಕಿಲ್ಲ. ಒಬ್ಬ ದಲಾಲಿ ಮನೆಗೇ ಬಂದು, ಬಾಗಿಲಲ್ಲಿ ನಿಂತೇ ಮೂರು ಲಕ್ಷ ಅಂದ. ಕಾಕು ಒಳಗಿಂದ, "ಚಹಾ ಕುಡದು ಹೋಗ್ರಿ" ಅಂದರು. ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ತಗೊಂಡವರು ಕೊಲ್ಹಾಪುರದ ಒಬ್ಬರು. ತಾಯಿಯ ಕಡೆ ನಿಪ್ಪಾಣಿ, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಫೋನಿನಲ್ಲಿ ಅವರು ಬೆಲೆ ಕೇಳಲಿಲ್ಲ. ಕೇಳಿದ ಮೊದಲ ಪ್ರಶ್ನೆ: "ಬೆಲ್ಟ್ ಯಾವಾಗ ಬದಲಿಸೀರಿ?" ಇವರೇ ಗಿರಾಕಿ ಅಂತ ನನಗೆ ಆಗಲೇ ಅನಿಸಿತು.

944 ಕೊಳ್ಳುವವರು ಇದನ್ನೇ ಕೇಳಬೇಕು. ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟಿನ ಬೆಲೆ ಸಾವಿರಗಳಲ್ಲಿ, ಹರಿದರೆ ಖರ್ಚು ಲಕ್ಷಗಳಲ್ಲಿ. ಕಾಕಾ ಓಡಿದ್ದು ಕಡಿಮೆ ಇದ್ದರೂ ನಾಲ್ಕು ವರ್ಷಕ್ಕೊಮ್ಮೆ ಟೈಮಿಂಗ್ ಬೆಲ್ಟ್, ಬ್ಯಾಲೆನ್ಸ್ ಶಾಫ್ಟ್ ಬೆಲ್ಟ್ ಎರಡೂ ಬದಲಿಸುತ್ತಿದ್ದರು. ಡೈರಿ ತೆಗೆದು ಅವರ ಮುಂದಿಟ್ಟೆ. ಅವರು ಕಾರಿಗಿಂತ ಮೊದಲು ಡೈರಿ ಓದಿದರು, ಕನ್ನಡಕ ಹಾಕಿಕೊಂಡು, ಪುಟ ಪುಟ.

ಆಮೇಲೆ ಗಾಡಿ. ಹಿಂದಿನ ಗಾಜಿನ ಬಾಗಿಲಿನ ಅಂಚನ್ನು ಬೆರಳಿನಿಂದ ಒತ್ತುತ್ತಾ ಹೋದರು. 944ರಲ್ಲಿ ಆ ಗಾಜು ಚೌಕಟ್ಟಿನಿಂದ ಬಿಟ್ಟುಕೊಂಡು ಡಿಕ್ಕಿಗೆ ನೀರು ಇಳಿಯುವುದು ಹೆಸರುವಾಸಿ ಕಾಯಿಲೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಗು ಹತ್ತಿರ ಒಯ್ದರು, ಮುಗ್ಗಲು ವಾಸನೆ ಇದೆಯಾ ಅಂತ. ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಬಿರುಕು ಇತ್ತು, ಅದನ್ನು ನಾನೇ ತೋರಿಸಿದೆ. ಕಿಲೋಮೀಟರ್ ಮೀಟರ್ 2009ರಲ್ಲಿ ನಿಂತಿತ್ತು. ಒಳಗಿನ ಪ್ಲಾಸ್ಟಿಕ್ ಹಲ್ಲಿನ ಚಕ್ರ ಮುರಿಯುವುದು ಈ ಗಾಡಿಯಲ್ಲಿ ಸಾಮಾನ್ಯ. ಕಾಕಾ ಅದು ನಿಂತ ತಾರೀಖನ್ನೂ, ಹೊಸ ಚಕ್ರ ಹಾಕಿಸಿದ ತಾರೀಖನ್ನೂ, ನಡುವೆ ಅಂದಾಜು ಎಷ್ಟು ಓಡಿತು ಅನ್ನುವುದನ್ನೂ ಬರೆದಿದ್ದರು. ಕ್ಲಚ್ ಬಗ್ಗೆ ಜಾಸ್ತಿ ಮಾತಾಯಿತು. ಗೇರ್‌ಬಾಕ್ಸ್ ಹಿಂದೆ, ಕ್ಲಚ್ ಮುಂದೆ ಇರುವುದರಿಂದ ಕ್ಲಚ್ ಬದಲಿಸಬೇಕಾದರೆ ಹಿಂದಿನಿಂದ ಎಲ್ಲ ಬಿಚ್ಚುತ್ತಾ ಬರಬೇಕು. ಖರ್ಚಿನ ಬಾಬತ್ತು. ಅದನ್ನು ಬದಲಿಸಿ ಬಹಳ ವರ್ಷವಾಗಿತ್ತು. ಅದಕ್ಕೆ ಬೆಲೆಯಲ್ಲಿ ಸ್ವಲ್ಪ ಬಿಟ್ಟೆವು, ನ್ಯಾಯವೇ.

ಓಡಿಸಿ ನೋಡಲು ಯಾರಿಗೂ ಚಾವಿ ಕೊಡಬಾರದು ಅಂತ ಮೊದಲೇ ನಿಶ್ಚಯಿಸಿದ್ದೆವು. ಮುಂಗಡ ಕೊಟ್ಟು, ಲೈಸೆನ್ಸ್ ಪ್ರತಿ ಕೊಟ್ಟವರು ಮಾತ್ರ, ಅದೂ ನಾನು ಪಕ್ಕದಲ್ಲಿ ಕೂತು. ಇವರು ತಕರಾರಿಲ್ಲದೇ ಒಪ್ಪಿದರು. ಕೆಲಗೇರಿ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಎಳೆದಾಗ ಅವರ ಮುಖ ನೋಡಬೇಕಿತ್ತು. ಚೌಕಾಸಿ ಅಲ್ಲಿಗೆ ಅರ್ಧ ಮುಗಿದಿತ್ತು.

ಅವರ ವಕೀಲರು ಕೇಳಿದ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಹೊರದೇಶದಿಂದ ಊರಿಗೆ ವಾಪಸ್ ಬರುವವರಿಗೆ ಇರುವ ವಾಸ ಬದಲಾವಣೆಯ ಸವಲತ್ತಿನಲ್ಲಿ ತಂದ ಗಾಡಿಗಳ ಮೇಲೆ ಇಂತಿಷ್ಟು ಕಾಲ ಮಾರಬಾರದು ಎಂಬ ಷರತ್ತು ಇರುತ್ತದೆ. ಆರ್‌ಸಿ ಪುಸ್ತಕದ ಮೇಲೆ ನೋ ಸೇಲ್ ಅಂತ ಮುದ್ರೆ. ನಮ್ಮ ಹಳೇ ಪುಸ್ತಕದಲ್ಲೂ ಮಸುಕಾದ ಮುದ್ರೆ ಇತ್ತು. ಅವಧಿ ಯಾವಾಗಲೋ ಮುಗಿದಿದೆ ಅನ್ನುವುದಕ್ಕೆ ಬಿಲ್ ಆಫ್ ಎಂಟ್ರಿಯ ತಾರೀಖೇ ಸಾಕ್ಷಿಯಾಯಿತು. ಆಮದು ಗಾಡಿಯ ಕಸ್ಟಮ್ಸ್ ಕಾಗದ ಇಲ್ಲದಿದ್ದರೆ ಬಲ್ಲವರು ಯಾರೂ ಕೊಳ್ಳುವುದಿಲ್ಲ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಕವರಿನಲ್ಲಿಡಿ, ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ.

ಬೆಲೆ ಎಷ್ಟಾಯಿತು ಅಂತ ಹೇಳಬೇಡ ಅಂದಿದ್ದಾರೆ ಕಾಕು. ದುಡ್ಡೆಲ್ಲ ಆರ್‌ಟಿಜಿಎಸ್ ಮೂಲಕ ಅವರ ಖಾತೆಗೇ ಬಂತು. ಎರಡು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಎಷ್ಟೇ ಒತ್ತಾಯ ಬಂದರೂ ಬೇಡ. ತೆರಿಗೆ ಕಟ್ಟಬೇಕಾ ಅಂತ ಕಾಕುಗೆ ಚಿಂತೆ ಇತ್ತು. ಸ್ವಂತಕ್ಕೆ ಬಳಸಿದ ಕಾರು ಬಂಡವಾಳ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಅದರ ಮೇಲಿನ ಲಾಭಕ್ಕೆ ತೆರಿಗೆ ಇಲ್ಲ ಅಂತ ಸಿಎ ಹೇಳಿದರು.

ಬೇರೆ ರಾಜ್ಯಕ್ಕೆ ಹೋಗುವ ಗಾಡಿ, ಹಾಗಾಗಿ ಫಾರ್ಮ್ 29, 30ರ ಜೊತೆ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಇಲ್ಲಿನ ಆರ್‌ಟಿಒದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಗಾಡಿಯ ಮೇಲೆ ಕಳವಿನ ಕೇಸ್ ಇಲ್ಲ ಅನ್ನುವ ವರದಿ, ಬಾಕಿ ದಂಡ ಇಲ್ಲ ಅನ್ನುವ ಖಾತ್ರಿ. ಕಾಕಾನ ಹೆಸರಿಗೆ ಒಂದೇ ಒಂದು ಸಿಗ್ನಲ್ ದಂಡ ಇರಲಿಲ್ಲ. ಚಾಸಿ ನಂಬರ್ ಮೊದಲೇ ಸರಿಯಾಗಿದ್ದರಿಂದ ಇದು ಬೇಗ ಮುಗಿಯಿತು. ತಿದ್ದಿಸದೇ ಬಿಟ್ಟಿದ್ದರೆ ಕೊಲ್ಹಾಪುರದಲ್ಲಿ ಇದೇ ರಾಮಾಯಣ ಮರಾಠಿಯಲ್ಲಿ ನಡೆಯುತ್ತಿತ್ತು.

ಗಾಡಿ ಕೊಡುವ ದಿನ ಡೆಲಿವರಿ ನೋಟಿನಲ್ಲಿ ತಾರೀಖು ಮಾತ್ರ ಅಲ್ಲ, ಗಂಟೆ ನಿಮಿಷವನ್ನೂ ಬರೆಯಿರಿ. ಆ ಹೊತ್ತಿನ ನಂತರ ಏನಾದರೂ ಆದರೆ ಹೊಣೆ ಯಾರದು ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಅವರು ಓಡಿಸಿಕೊಂಡು ಹೋಗುವವರಿದ್ದರು, ಬೆಳಗಾವಿ ಮೇಲೆ ಹೆದ್ದಾರಿ ಚೆನ್ನಾಗಿದೆ ಅಂತ. ಮಿಸ್ತ್ರಿ ಬೇಡ ಅಂದರು, ಹೊಸ ಪೈಪು ಹಾಕಿ ಇನ್ನೂ ದೂರ ಓಡಿಸಿಲ್ಲ. ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ತರಿಸಿದರು. ಗಾಡಿ ತಗ್ಗು, ಏರಿಸುವಾಗ ಮುಂದಿನ ಬಂಪರಿನ ಕೆಳಭಾಗ ತಾಗುತ್ತಿತ್ತು. ಓಣಿಯವರ ಮನೆಯಿಂದ ಎರಡು ಹಲಗೆ ತಂದು ಚಕ್ರದ ಕೆಳಗೆ ಕೊಟ್ಟ ಮೇಲೆ ಏರಿತು. ಕಾಕು ಕುಂಕುಮ ಹಚ್ಚಿ, ತೆಂಗಿನಕಾಯಿ ಬೇಡ, ಬಣ್ಣಕ್ಕೆ ಸಿಡಿದೀತು ಅಂದರು.

ಮಹಾರಾಷ್ಟ್ರದ ನೋಂದಣಿ ಆಗಿ ಹೊಸ ಮಾಲೀಕರ ಹೆಸರು ಪೋರ್ಟಲಿನಲ್ಲಿ ಕಾಣುವ ತನಕ ನಮ್ಮ ಕೆಲಸ ಮುಗಿದಿಲ್ಲ ಅಂತ ಲೆಕ್ಕ ಹಿಡಿಯಿರಿ. ವಾರಕ್ಕೊಮ್ಮೆ ನೋಡುತ್ತಿದ್ದೆ. ಮೊನ್ನೆ ಬಂತು. ಅದೇ ದಿನ ಅಟ್ಟ ಸ್ವಚ್ಛ ಮಾಡುವಾಗ ಒಡೆಯದ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಬೆಲ್ಟ್ ಸಿಕ್ಕಿದೆ. ಮೇಲೆ ಕಾಕಾನ ಅಕ್ಷರದಲ್ಲಿ "2027ಕ್ಕೆ" ಅಂತ ಬರೆದಿದೆ. ಸೋಮವಾರ ಕೊಲ್ಹಾಪುರಕ್ಕೆ ಪಾರ್ಸೆಲ್ ಮಾಡಬೇಕು.